ಅಡಿಪಾಯಕ್ಕೆ ಮುನ್ನ ಪರೀಕ್ಷೆಯ ಅಗೆತ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡುತ್ತೇವೆ. ಹಳೆಯ ನಗರಗಳಲ್ಲಿ ಕಟ್ಟಡವನ್ನು ವಿಸ್ತರಿಸುವ ಮುನ್ನ ಪ್ರಾಕ್ತನಜ್ಞರು ನೆಲದಲ್ಲಿ ಪರೀಕ್ಷಾ ಕಂದಕಗಳನ್ನು ತೋಡುವುದೂ ಇದೇ ತರ್ಕದಿಂದ. ಆದರೆ ಒಂದು ಭೇದವುಂಟು. ಅನ್ನವು ಪಾತ್ರೆಯಲ್ಲೆಲ್ಲ ಹೆಚ್ಚುಕಡಮೆ ಸಮನಾಗಿ ಬೇಯುತ್ತದೆ, ನೆಲವು ಹಾಗಲ್ಲ. ಬರಿದಾದ ಗುಂಡಿಯಿಂದ ಒಂದು ಮಾರು ಆಚೆಗೆ ಬಾವಿಯೋ ಸಮಾಧಿಯೋ ಇರಬಹುದು. ಆದುದರಿಂದ ನಿವೇಶನದ ಬೇರೆ ಬೇರೆ ಕಡೆಗಳಲ್ಲಿ, ಬೇರೆ ಬೇರೆ ದಿಕ್ಕುಗಳಿಗೆ, ಹಲವು ಕಂದಕಗಳನ್ನು ತೋಡಬೇಕಾಗುತ್ತದೆ.

ಕಂದಕವು ನೀಳವಾಗಿರುವುದೇಕೆ? ಲೆಕ್ಕ ಹಾಕಿ ನೋಡೋಣ. ದಿಕ್ಕು ತಿಳಿಯದ ಉದ್ದನೆಯ ನೇರ ಗೋಡೆಯೊಂದನ್ನು ಗುಂಡಿಯು ಸಂಧಿಸುವ ಸಂಭವವು ಗುಂಡಿಯ ಸುತ್ತಳತೆಗೆ ಅನುಪಾತದಲ್ಲಿರುತ್ತದೆ. ೨೦ ಮೀಟರ್ ಉದ್ದ, ೨ ಮೀಟರ್ ಅಗಲದ ಕಂದಕದ ಸುತ್ತಳತೆ ೪೪ ಮೀಟರ್. ಅಷ್ಟೇ, ಅಂದರೆ ೪೦ ಚದರ ಮೀಟರ್, ವಿಸ್ತೀರ್ಣದ ಚೌಕಕ್ಕೆ ಸುಮಾರು ೨೫ ಮೀಟರ್ ಮಾತ್ರ. ಅಗೆಯುವ ಶ್ರಮ ಒಂದೇ. ಗೋಡೆ ಸಿಕ್ಕುವ ಸಂಭವ ಮಾತ್ರ ಸುಮಾರು ಒಂದೂ ಮುಕ್ಕಾಲು ಪಟ್ಟು.

ಇಂಗ್ಲೆಂಡಿನ ಯಾರ್ಕ್ ನಗರದ ನಿದರ್ಶನವನ್ನು ನೋಡೋಣ. ೧೯೭೨ರಲ್ಲಿ ಅಲ್ಲಿ ಬ್ಯಾಂಕೊಂದರ ಕಟ್ಟಡದ ನಿವೇಶನದಲ್ಲಿ ಕೆಲವು ಸಣ್ಣ ಗುಂಡಿಗಳನ್ನು ತೋಡಲಾಯಿತು. ಜನವಸತಿಯ ಪದರಗಳು ಒಂಬತ್ತು ಮೀಟರುಗಳಷ್ಟು ಆಳಕ್ಕೆ ಇಳಿದಿದ್ದುವು. ವೈಕಿಂಗರ ಕಾಲದ ಒದ್ದೆ ಮಣ್ಣಿನಲ್ಲಿ ಸಾವಿರ ವರ್ಷಗಳಷ್ಟು ಹಳೆಯ ಮರ, ಚರ್ಮಗಳು ಉಳಿದಿದ್ದುವು. ಮನುಷ್ಯನ ಮಲದ ಗಟ್ಟಿಯೊಂದು ಕೂಡ, ಕರುಳಿನ ಹುಳುಗಳ ಮೊಟ್ಟೆಗಳ ಸಮೇತ, ದೊರೆಯಿತು.

ಇವು ಕೊಳೆಯದೆ ಉಳಿದುದು ಹೇಗೆ? ಆಮ್ಲಜನಕವು ಗಾಳಿಯಲ್ಲಿ ವಿಸರಣ ಹೊಂದುವುದಕ್ಕಿಂತ ನೀರಿನಲ್ಲಿ ಸುಮಾರು ಹತ್ತು ಸಾವಿರ ಪಾಲು ನಿಧಾನವಾಗಿ ವಿಸರಣ ಹೊಂದುತ್ತದೆ. ಮಣ್ಣಿನ ರಂಧ್ರಗಳನ್ನೆಲ್ಲ ನೀರು ತುಂಬಿದ್ದರೆ, ಮರವನ್ನು ತಿನ್ನುವ ಶಿಲೀಂಧ್ರಗಳಿಗೆ ಉಸಿರಾಟವೇ ಇಲ್ಲ. ಇದರಿಂದ ಇನ್ನೊಂದು ಎಚ್ಚರಿಕೆಯೂ ಹುಟ್ಟುತ್ತದೆ: ಹೊಸ ಅಡಿಪಾಯಕ್ಕಾಗಿ ನೆಲದ ನೀರನ್ನು ಬಸಿದರೆ, ಗುದ್ದಲಿ ಮುಟ್ಟದ ವಸ್ತುಗಳೂ ಕೊಳೆಯತೊಡಗುವುವು.

ಈ ಸುಳಿವನ್ನು ಹಿಡಿದು ಸಮೀಪದ ಕಾಪರ್‌ಗೇಟ್ ಬೀದಿಯಲ್ಲಿ ೧೯೭೬ರಿಂದ ೧೯೮೧ರ ವರೆಗೆ ವಿಸ್ತಾರವಾದ ಉತ್ಖನನ ನಡೆದು, ಸುಮಾರು ೪೦,೦೦೦ ವಸ್ತುಗಳು ಬೆಳಕಿಗೆ ಬಂದುವು. ೧೯೮೪ರಲ್ಲಿ ಅದೇ ಸ್ಥಳದಲ್ಲಿ ವಸ್ತುಸಂಗ್ರಹಾಲಯವು ತೆರೆಯಿತು.

ಪ್ರಯೋಗಶಾಲೆಯಲ್ಲಿ ತಪ್ಪಿದ ಪ್ರಯೋಗವನ್ನು ನಾವು ಮರುದಿನ ಮತ್ತೆ ಮಾಡಬಹುದು. ಅಗೆದ ಪದರವನ್ನು ಮಾತ್ರ ಮತ್ತೆ ಅಗೆಯಲಾಗದು. ಆದುದರಿಂದಲೇ ಪ್ರತಿಯೊಂದು ಪದರದ ಆಳ, ಬಣ್ಣ, ಮಣ್ಣಿನ ಗುಣಗಳನ್ನು ಅಗೆಯುತ್ತಿರುವಾಗಲೇ ಬರೆದಿಡುವುದು. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅಗೆದುದೂ ಈ ಪದರಗಳ ಕ್ರಮವನ್ನು ಅನುಸರಿಸಿಯೇ. ಕಟ್ಟಡವು ಕೆಲವು ತಿಂಗಳು ಕಾಯಬಲ್ಲುದು. ಒಮ್ಮೆ ಕಲಕಿದ ಮಣ್ಣು ತನ್ನ ಸಾಕ್ಷ್ಯವನ್ನು ಎರಡನೆಯ ಬಾರಿ ನುಡಿಯಲಾರದು.