ಎಳೆಯ ನಕ್ಷತ್ರಗಳ ದೈತ್ಯ ಗ್ರಹಗಳು

ದೀಪಾವಳಿಯ ರಜೆಗೆ ಮುಂಚಿನ ರಾತ್ರಿ ನಾವು ಎಂಟನೆಯ ತರಗತಿಯ ಕೆಲವು ವಿದ್ಯಾರ್ಥಿಗಳನ್ನು ಕೂಡಿಕೊಂಡು ಶಾಲೆಯ ಮಾಳಿಗೆಯನ್ನು ಹತ್ತಿದ್ದೆವು. ಗಂಟೆ ಎಂಟೂವರೆ. ಮುಂಬಯಿಯ ಆಕಾಶದ ವಿಷಯ ಹೇಳಬೇಕೆ? ಬೀದಿದೀಪಗಳ ಬೆಳಕೂ ಪಟಾಕಿಯ ಹೊಗೆಯೂ ಬೆರೆತು ಮೇಲೆಲ್ಲ ಮಬ್ಬು ಕವಿದಿತ್ತು. ಆದರೂ ನೆತ್ತಿಯ ಸಮೀಪದಲ್ಲಿ ನಾಲ್ಕು ನಕ್ಷತ್ರಗಳ ಒಂದು ದೊಡ್ಡ ಚೌಕ ಗೋಚರವಾಯಿತು. ಅದರ ಪಶ್ಚಿಮದ ಎರಡು ತಾರೆಗಳೇ ಪೂರ್ವಾಭಾದ್ರಾ. ಪೂರ್ವದ ಎರಡು ಉತ್ತರಾಭಾದ್ರಾ. ಪಂಚಾಂಗ ಓದುವಾಗ ಮನೆಯ ಹಿರಿಯರ ಬಾಯಲ್ಲಿ ಈ ಹೆಸರುಗಳನ್ನು ನೀವು ಕೇಳಿರುತ್ತೀರಿ. ತಲೆಯೆತ್ತಿ ನೋಡಿದವರು ಮಾತ್ರ ಕಡಮೆ. ಪೂರ್ವಾಭಾದ್ರೆಯ ಎರಡು ತಾರೆಗಳನ್ನು ಸೇರಿಸುವ ಗೆರೆಯನ್ನು ದಕ್ಷಿಣಕ್ಕೆ ಎಳೆದುಕೊಂಡು ಹೋದರೆ, ಬರಿದಾದ ಆಕಾಶದಲ್ಲಿ ಒಂಟಿಯಾಗಿ ಹೊಳೆಯುವ ಫೋಮಲ್‌ಹಾಟ್ ಎಂಬ ನಕ್ಷತ್ರ ಸಿಗುತ್ತದೆ. ಅದು ನಮ್ಮಿಂದ 25 ಜ್ಯೋತಿರ್ವರ್ಷ ದೂರದಲ್ಲಿದೆ.

ಇದೇ ಗೆರೆಯ ಬದಿಯಲ್ಲಿ ಇನ್ನೊಂದು ನಕ್ಷತ್ರವಿದೆ. ಪೂರ್ವಾಭಾದ್ರೆಯ ಎರಡು ತಾರೆಗಳ ನಟ್ಟನಡುವೆ, ತುಸು ಪೂರ್ವಕ್ಕೆ. ನಗರದಲ್ಲಿ ಅದು ಕಾಣುವುದಿಲ್ಲ. ಊರಿನ ಕಡೆ ಅಮಾವಾಸ್ಯೆಯ ರಾತ್ರಿ, ಕಣ್ಣು ಚುರುಕಾಗಿದ್ದವರಿಗೆ ಕಂಡರೆ ಕಂಡೀತು. ಅದಕ್ಕೆ ರೂಢಿಯ ಹೆಸರಿಲ್ಲ, ಪಟ್ಟಿಯ ಕ್ರಮಸಂಖ್ಯೆ ಮಾತ್ರ: ಎಚ್.ಆರ್. 8799. ದೂರ ಸುಮಾರು 133 ಜ್ಯೋತಿರ್ವರ್ಷ.

2008ನೆಯ ಇಸವಿ ನವೆಂಬರ್ 13ರಂದು ಈ ಎರಡೂ ನಕ್ಷತ್ರಗಳ ಸುದ್ದಿ 'ಸೈನ್ಸ್' ಎಂಬ ಪತ್ರಿಕೆಯಲ್ಲಿ ಒಟ್ಟಿಗೇ ಪ್ರಕಟವಾಯಿತು. ಫೋಮಲ್‌ಹಾಟಿನ ಬಳಿ ಒಂದು ಗ್ರಹದ, ಎಚ್.ಆರ್. 8799ರ ಬಳಿ ಮೂರು ಗ್ರಹಗಳ ಛಾಯಾಚಿತ್ರಗಳು ದೊರೆತಿದ್ದವು. ಅವುಗಳಲ್ಲಿ ಒಂದು ಸುದ್ದಿ ಇಂದಿಗೂ ನಿಂತಿದೆ, ಇನ್ನೊಂದು ನಿಲ್ಲಲಿಲ್ಲ. ಇಷ್ಟನ್ನು ಹೇಳಿದೊಡನೆ ಒಬ್ಬ ಹುಡುಗ ಕೇಳಿದ: “ಫೋಟೋ ಇದ್ದ ಮೇಲೆ ಸುಳ್ಳಾಗುವುದು ಹೇಗೆ, ಸರ್?” ಆ ರಾತ್ರಿ ಎರಡು ಮಾತಿನಲ್ಲಿ ಉತ್ತರಿಸಲು ಹೋಗಿ ನಾವು ತೊಡಕಿಗೆ ಬಿದ್ದೆವು. ಅದನ್ನು ಇಲ್ಲಿ ಸಾವಧಾನವಾಗಿ ಹೇಳುತ್ತೇವೆ.

ಗ್ರಹಕ್ಕೆ ಸ್ವಂತ ಬೆಳಕಿಲ್ಲವೆಂದು ಪಾಠದಲ್ಲಿ ಓದಿದ್ದೀರಿ. ನಮ್ಮ ಗುರುಗ್ರಹವು ಪ್ರತಿಫಲಿಸುವ ಬೆಳಕು ಸೂರ್ಯನ ಬೆಳಕಿನ ಸುಮಾರು ನೂರು ಕೋಟಿಯಲ್ಲಿ ಒಂದು ಪಾಲು. ದೂರದ ನಕ್ಷತ್ರದ ಮಗ್ಗುಲಲ್ಲಿ ಅಂಥದೊಂದನ್ನು ಹುಡುಕುವುದೆಂದರೆ, ನಿಲ್ದಾಣಕ್ಕೆ ನುಗ್ಗಿ ಬರುವ ಲೋಕಲ್ ಗಾಡಿಯ ಮುಂದಿನ ದೀಪದ ಪಕ್ಕದಲ್ಲಿ ಹಾರುವ ಸೊಳ್ಳೆಯನ್ನು ಹುಡುಕಿದಂತೆಯೇ ಸರಿ.

ಹೀಗಿರಲು ಖಗೋಳಜ್ಞರು ಎಳೆಯ ನಕ್ಷತ್ರಗಳ ಕಡೆ ತಿರುಗಿದರು. ದೋಸೆಯ ಕಾವಲಿಯನ್ನು ಒಲೆಯಿಂದ ಇಳಿಸಿ ಕತ್ತಲೆಯಲ್ಲಿಟ್ಟರೆ ಅದು ಕಣ್ಣಿಗೆ ಕಾಣದು. ಕೈಯನ್ನು ಹತ್ತಿರ ಒಯ್ದರೆ ಮಾತ್ರ ಇರುವಿಕೆ ತಿಳಿಯುತ್ತದೆ. ದೈತ್ಯ ಗ್ರಹವೂ ಹುಟ್ಟಿದಾಗ ಹಾಗೆಯೇ. ಅನಿಲವೂ ಧೂಳೂ ಒಟ್ಟುಗೂಡಿ, ತನ್ನ ಭಾರಕ್ಕೆ ತಾನೇ ಕುಗ್ಗುವಾಗ ಅದು ಕಾಯುತ್ತದೆ. ಆಮೇಲೆ ಕೋಟ್ಯಂತರ ವರ್ಷ ಆರುತ್ತಾ ಹೋಗುತ್ತದೆ. ನಮ್ಮ ಗುರುಗ್ರಹ ಕೂಡ ಸೂರ್ಯನಿಂದ ಪಡೆಯುವುದಕ್ಕಿಂತ ಹೆಚ್ಚು ಶಾಖವನ್ನು ಇಂದಿಗೂ ಹೊರಗೆ ಬಿಡುತ್ತಿದೆ. ಅದು ಹುಟ್ಟಿನ ಕಾವಿನ ಉಳಿಕೆ. ಸೂರ್ಯನ ವಯಸ್ಸು ಸುಮಾರು 460 ಕೋಟಿ ವರ್ಷ, ಎಚ್.ಆರ್. 8799ರದು ಮೂರು-ನಾಲ್ಕು ಕೋಟಿ. ಸೂರ್ಯನನ್ನು ನಲವತ್ತಾರು ವಯಸ್ಸಿನ ಗೃಹಸ್ಥನೆಂದು ಭಾವಿಸಿದರೆ ಇದು ಅನ್ನಪ್ರಾಶನವೂ ಆಗದ ಕೂಸು. ಇದರ ಗ್ರಹಗಳು ಇನ್ನೂ ಏಳುನೂರು-ಎಂಟುನೂರು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಕಾವಿನಲ್ಲಿವೆ. ಅಂಥ ಕಾವಿನ ಬೆಳಕಿನಲ್ಲಿ ಬಹುಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಆ ಕಿರಣದಲ್ಲಿ ನೋಡಿದರೆ ತಾರೆಗೂ ಗ್ರಹಕ್ಕೂ ಇರುವ ಅಂತರ ನೂರು ಕೋಟಿಯಿಂದ ಸಾವಿರ, ಲಕ್ಷಗಳ ಲೆಕ್ಕಕ್ಕೆ ಇಳಿಯುತ್ತದೆ.

ಇಳಿದರೂ ಕೆಲಸ ಸುಲಭವಲ್ಲ. ಸಂಕ್ರಾಂತಿಯ ದಿನ ಗಾಳಿಪಟವು ಸೂರ್ಯನ ಕಡೆ ಹೋದಾಗ ನೀವು ಅಂಗೈಯನ್ನು ಅಡ್ಡ ಹಿಡಿಯುವುದಿಲ್ಲವೇ? ಫ್ರಾನ್ಸಿನ ಬರ್ನಾರ್ ಲಿಯೋ ಎಂಬವರು ಸೂರ್ಯನ ಪ್ರಭಾವಲಯವನ್ನು ಗ್ರಹಣವಿಲ್ಲದಾಗಲೂ ನೋಡಲೆಂದು 1930ರ ಸುಮಾರಿಗೆ ದೂರದರ್ಶಕದೊಳಗೇ ಅಂಥದೊಂದು ತಡೆಯನ್ನು ಅಳವಡಿಸಿದರು. ಆ ಉಪಕರಣಕ್ಕೆ ಕರೋನಾಗ್ರಾಫ್ ಎಂದು ಹೆಸರು. ಇಂದು ಅದು ನಕ್ಷತ್ರಗಳನ್ನು ಮರೆಮಾಡಲೂ ಒದಗುತ್ತಿದೆ. ವಾಯುಮಂಡಲದ ಕಂಪನದಿಂದ ಬೆಳಕು ನಡುಗುವುದನ್ನು ಸರಿಪಡಿಸಲು, ಸೆಕೆಂಡಿಗೆ ನೂರಾರು ಸಲ ತನ್ನ ಆಕಾರವನ್ನು ಬದಲಿಸಿಕೊಳ್ಳುವ ತೆಳುವಾದ ಕನ್ನಡಿಯೂ ಇದೆ.

ಇಷ್ಟೆಲ್ಲ ಮಾಡಿದರೂ ಚಿತ್ರದ ತುಂಬ ಚುಕ್ಕೆಗಳು. ಬಹಳಷ್ಟು ಚುಕ್ಕೆಗಳು ಉಪಕರಣದೊಳಗೇ ಚದರಿದ ನಕ್ಷತ್ರದ ಬೆಳಕು. ಇವುಗಳಲ್ಲಿ ಗ್ರಹ ಯಾವುದು? ಮೂವತ್ತು ದಾಟುತ್ತಲೇ ಕನ್ನಡಕ ಹಾಕಿಕೊಂಡ ನಮಗೆ ಇದರ ಉಪಾಯ ಚೆನ್ನಾಗಿ ಗೊತ್ತು. ಕರಿಹಲಗೆಯ ಮೇಲೊಂದು ಕಲೆ ಕಂಡರೆ ಅದು ಹಲಗೆಯದೋ ಕನ್ನಡಕದ್ದೋ ಎಂದು ತಿಳಿಯಲು ತಲೆಯನ್ನು ತುಸು ಓರೆ ಮಾಡುತ್ತೇವೆ. ತಲೆಯೊಂದಿಗೆ ತಿರುಗಿದ ಕಲೆ ಕನ್ನಡಕದ್ದು. ಕೆನಡಾದ ಕ್ರಿಶ್ಚಿಯನ್ ಮರ್ವಾ ಮತ್ತು ಅವರ ಸಂಗಡಿಗರು ಹವಾಯಿ ದ್ವೀಪದ ಮೌನಾ ಕೇಯಾ ಪರ್ವತದ ಮೇಲಿನ ಕೆಕ್ ಮತ್ತು ಜೆಮಿನಿ ದೂರದರ್ಶಕಗಳಿಂದ ಮಾಡಿದ್ದೂ ಬಹುಮಟ್ಟಿಗೆ ಇದನ್ನೇ. ಭೂಮಿಯ ಭ್ರಮಣದಿಂದ ಆಕಾಶದ ಚಿತ್ರವು ಕ್ರಮೇಣ ತಿರುಗುತ್ತದೆ; ಉಪಕರಣದ ದೋಷದ ಚುಕ್ಕೆಗಳು ಇದ್ದಲ್ಲೇ ಇರುತ್ತವೆ. ಇದ್ದಲ್ಲೇ ಇದ್ದವುಗಳನ್ನು ಕಳೆದರೆ ಆಕಾಶದ್ದಷ್ಟೇ ಉಳಿಯುತ್ತದೆ.

ಹೀಗೆ ಉಳಿದ ಚುಕ್ಕೆಯೂ ಗ್ರಹವೇ ಆಗಬೇಕೆಂದಿಲ್ಲ. ಬಹುದೂರ ಹಿಂದೆ ಇರುವ ಬೇರೊಂದು ನಕ್ಷತ್ರ ಇರಬಹುದು. ಇದಕ್ಕೆ ಕಾಯುವುದೊಂದೇ ದಾರಿ. ನಕ್ಷತ್ರವು ಆಕಾಶದಲ್ಲಿ ಮೆಲ್ಲಗೆ ಸರಿಯುತ್ತಿರುತ್ತದೆ; ಮನೆಯ ಮಕ್ಕಳಾದರೆ ಜೊತೆಯಲ್ಲೇ ಹೋಗುತ್ತಾರೆ, ಪರರು ಹಿಂದೆ ಉಳಿಯುತ್ತಾರೆ. ಎಚ್.ಆರ್. 8799ರ ಚುಕ್ಕೆಗಳು ಜೊತೆಯಲ್ಲೇ ಹೋದವು. ಅಷ್ಟೇ ಅಲ್ಲ, ತಾಯಿತಾರೆಯನ್ನು ಸುತ್ತುತ್ತಿರುವುದೂ ಕಂಡಿತು. 2010ರಲ್ಲಿ ಒಳಗಡೆ ನಾಲ್ಕನೆಯದೂ ಸಿಕ್ಕಿತು. ಇನ್ನೊಂದು ಸೋಜಿಗವೆಂದರೆ, ಹಬಲ್ ದೂರದರ್ಶಕವು 1998ರಲ್ಲೇ ತೆಗೆದಿದ್ದ ಚಿತ್ರವನ್ನು 2009ರಲ್ಲಿ ಹೊಸ ವಿಧಾನದಿಂದ ಶೋಧಿಸಿದಾಗ ಅದರಲ್ಲೂ ಹೊರಗಿನ ಗ್ರಹ ಕಂಡಿತು. ಹತ್ತು ವರ್ಷ ಅದು ಯಾರ ಕಣ್ಣಿಗೂ ಬೀಳದೆ ಕಡತದಲ್ಲಿ ಕುಳಿತಿತ್ತು!

ಈಗ ಫೋಮಲ್‌ಹಾಟಿಗೆ ಬರೋಣ. ಅಮೆರಿಕದ ಪಾಲ್ ಕಲಾಸ್ ಮತ್ತು ಸಂಗಡಿಗರು ಹಬಲ್ ದೂರದರ್ಶಕದ 2004 ಮತ್ತು 2006ರ ಚಿತ್ರಗಳಲ್ಲಿ ಒಂದು ಚುಕ್ಕೆಯನ್ನು ಕಂಡಿದ್ದರು. ಅದು ನಕ್ಷತ್ರದ ಜೊತೆಯಲ್ಲೇ ಹೋಗುತ್ತಿತ್ತು, ಸರಿಯುತ್ತಲೂ ಇತ್ತು. ಮೇಲಿನ ಎರಡು ಪರೀಕ್ಷೆಗಳಲ್ಲೂ ತೇರ್ಗಡೆಯಾಯಿತೆಂದು ಹೇಳಬಹುದು. ಆದರೆ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಹೊಳೆಯುತ್ತಿದ್ದ ಅದು ಅವಕೆಂಪು ಕಿರಣದಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಕಾವಲಿ ಕಾಣುತ್ತದೆ, ಕಾವೇ ಇಲ್ಲ! ಸಂಶಯ ಹುಟ್ಟಿದ್ದು ಇಲ್ಲಿಯೇ. 2015ರಲ್ಲಿ ಜನರ ಮತ ಪಡೆದು ಅದಕ್ಕೆ 'ಡಾಗನ್' ಎಂದು ನಾಮಕರಣವೂ ಆಯಿತು. ಆದರೆ 2014ರ ಹಬಲ್ ಚಿತ್ರದಲ್ಲೇ ಆ ಚುಕ್ಕೆ ಮಾಯವಾಗಿತ್ತು. ಅದು ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಾ ಮಸುಕಾಗುತ್ತಾ ಹೋಯಿತೆಂದೂ, ಎರಡು ಹಿಮಪಿಂಡಗಳು ಡಿಕ್ಕಿ ಹೊಡೆದು ಎದ್ದ ಧೂಳಿನ ಮೋಡವೇ ಅದಾಗಿರಬೇಕೆಂದೂ ಅರಿಜೋನಾದ ಇಬ್ಬರು ವಿಜ್ಞಾನಿಗಳು 2020ರಲ್ಲಿ ತೋರಿಸಿದರು. ಆದುದರಿಂದ ಆ ಹುಡುಗನಿಗೆ ನಮ್ಮ ಉತ್ತರವಿಷ್ಟು: ಫೋಟೋ ಸುಳ್ಳಾಗಿರಲಿಲ್ಲ. ಅಲ್ಲಿ ಇದ್ದುದನ್ನೇ ಅದು ತೋರಿಸಿತು. ಇದ್ದುದಕ್ಕೆ ನಾವು ಇಟ್ಟ ಹೆಸರು ತಪ್ಪಾಗಿತ್ತು.

ಎಚ್.ಆರ್. 8799ರ ಗ್ರಹಗಳ ತೂಕವನ್ನು ತಿಳಿಯುವುದರಲ್ಲೂ ಇಂಥದೇ ಎಚ್ಚರ ಬೇಕು. ಒಲೆಯಿಂದ ಇಳಿಸಿದ ನೀರು ಈಗ ಉಗುರುಬೆಚ್ಚಗಿದೆ ಎನ್ನಿ. ಹತ್ತು ನಿಮಿಷದ ಹಿಂದೆ ಇಳಿಸಿದ್ದಾದರೆ ಅದು ತಂಬಿಗೆ, ಎರಡು ಗಂಟೆಯ ಹಿಂದೆ ಇಳಿಸಿದ್ದಾದರೆ ಹಂಡೆ. ಹಾಗೆಯೇ ಗ್ರಹದ ಕಾವಿನಿಂದ ತೂಕವನ್ನು ಊಹಿಸಬೇಕಾದರೆ ತಾರೆಯ ವಯಸ್ಸು ಸರಿಯಾಗಿ ತಿಳಿದಿರಬೇಕು. ವಯಸ್ಸನ್ನು ಹೆಚ್ಚಾಗಿ ಎಣಿಸಿದರೆ ಗ್ರಹಗಳೂ ಹೆಚ್ಚು ಭಾರದವಾಗುತ್ತವೆ. ಆದರೆ ಅಷ್ಟು ಭಾರದ ನಾಲ್ಕು ಗ್ರಹಗಳು ಒಂದನ್ನೊಂದು ಸೆಳೆದು ಆ ಸಂಸಾರವೇ ಎಂದೋ ಚದರಿ ಹೋಗಬೇಕಿತ್ತು! ಚದರಿಲ್ಲ, ಆದುದರಿಂದ ಪ್ರತಿಯೊಂದೂ ಗುರುಗ್ರಹದ ಐದರಿಂದ ಹತ್ತು ಮಡಿಯೊಳಗೆ ಇರಬೇಕೆಂದು ತೀರ್ಮಾನವಾಗಿದೆ. ಈ ತರ್ಕ ನಮಗೆ ಬಹಳ ಹಿಡಿಸಿತು.

ಅವುಗಳ ಬೆಳಕನ್ನು ಬಿಡಿಸಿ ನೋಡಿದಾಗ ನೀರಾವಿಯ ಮತ್ತು ಇಂಗಾಲದ ಮಾನಾಕ್ಸೈಡಿನ ಗುರುತುಗಳು ದೊರೆತಿವೆ. 2021ರ ಡಿಸೆಂಬರ್ 25ರಂದು ಆಕಾಶಕ್ಕೆ ಹಾರಿದ ಜೇಮ್ಸ್ ವೆಬ್ ದೂರದರ್ಶಕವು ಇಂಗಾಲದ ಡೈಆಕ್ಸೈಡನ್ನೂ ಗುರುತಿಸಿದ ಸಂಗತಿ 2025ರಲ್ಲಿ ಪ್ರಕಟವಾಯಿತು. ಅದರಿಂದ, ಗುರುಗ್ರಹದಂತೆ ಇವೂ ಮೊದಲು ಗಟ್ಟಿಯಾದ ತಿರುಳು ಕಟ್ಟಿಕೊಂಡು ಆಮೇಲೆ ಅನಿಲವನ್ನು ಸೆಳೆದುಕೊಂಡಿರಬೇಕೆಂಬ ಮತಕ್ಕೆ ಬಲ ಬಂದಿದೆ. ಬೀಟಾ ಪಿಕ್ಟೋರಿಸ್ ಎಂಬ ಇನ್ನೊಂದು ಎಳೆಯ ತಾರೆಯ ಗ್ರಹವು ತನ್ನ ಅಕ್ಷದ ಮೇಲೆ ಸುತ್ತುವ ವೇಗವನ್ನೂ 2014ರಲ್ಲಿ ಹೀಗೆಯೇ ಬೆಳಕಿನಿಂದ ಅಳೆದರು: ಅಲ್ಲಿ ದಿನವೊಂದಕ್ಕೆ ಸುಮಾರು ಎಂಟೇ ಗಂಟೆ.

ಪೂರ್ವಾಭಾದ್ರೆಯ ನಡುವಿನ ಆ ನಾಲ್ವರಲ್ಲಿ ಹೊರಗಿನದಕ್ಕೆ ಒಂದು ಸುತ್ತು ಮುಗಿಸಲು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಬೇಕು. ಒಳಗಿನದಕ್ಕೆ ಸುಮಾರು 45ರಿಂದ 50 ವರ್ಷ. 2010ರಲ್ಲಿ ಕಂಡ ಜಾಗಕ್ಕೆ ಅದು ಮರಳಿ ಬರುವ ಹೊತ್ತಿಗೆ, ಆ ರಾತ್ರಿ ಮಾಳಿಗೆಯ ಮೇಲೆ ಪ್ರಶ್ನೆ ಕೇಳಿದ ಹುಡುಗನು ಇಂದಿನ ನಮಗಿಂತ ಹಿರಿಯನಾಗಿರುತ್ತಾನೆ.