ಪಾಠ 12: ಅಂಗಳದಲ್ಲಿ ಗಣಿಗಳ ನಕ್ಷೆ

ನಮ್ಮ ಮನೆಯಲ್ಲಿ ಭೂಮಿಯಿಂದ ಬಂದ ವಸ್ತು ಎಷ್ಟಿವೆ? ಎಣಿಸಿ ನೋಡಿ. ಅಕ್ಕಿರೊಟ್ಟಿ ಸುಡುವ ಕಬ್ಬಿಣದ ಹೆಂಚು. ತೋಟದ ಕತ್ತಿ. ತಾಮ್ರದ ಹಂಡೆ. ಕಿವಿಯ ಓಲೆ. ಇವೆಲ್ಲ ಒಂದು ಕಾಲಕ್ಕೆ ನೆಲದೊಳಗಿನ ಕಲ್ಲು. ಆ ಕಲ್ಲಿಗೆ ಅದಿರು ಅಂತ ಹೆಸರು. ಅದನ್ನು ಅಗೆಯುವ ಜಾಗವೇ ಗಣಿ.

ಅದಿರನ್ನು ಅಗೆದ ಕೂಡಲೇ ಬಳಸೋಕೆ ಆಗಲ್ಲ. ಭತ್ತ ಕುಟ್ಟಿ, ಮೊರದಲ್ಲಿ ಕೇರಿ, ಅಕ್ಕಿ ಬೇರೆ ಹೊಟ್ಟು ಬೇರೆ ಮಾಡ್ತೀವಲ್ಲ, ಅದಿರಿಗೂ ಹಾಗೆಯೇ. ಅದನ್ನು ಪುಡಿ ಮಾಡಬೇಕು, ತೊಳೆಯಬೇಕು, ಶುದ್ಧ ಮಾಡಬೇಕು. ಈ ಕೆಲಸ ಕಾರ್ಖಾನೆಯಲ್ಲಿ ಆಗುತ್ತದೆ. ಭತ್ತದ ಹೊಟ್ಟು ಒಲೆಗಾದರೂ ಬರುತ್ತೆ. ಅದಿರಿನ ಹೊಟ್ಟು ಊರ ಪಕ್ಕದಲ್ಲಿ ಗುಡ್ಡವಾಗಿ ಉಳಿಯುತ್ತದೆ.

ಬನ್ನಿ, ಒಂದು ನಕ್ಷೆ ಬರೆಯೋಣ. ಅಂಗಳ ಗುಡಿಸಿ. ರಂಗೋಲಿ ಪುಡಿ ತನ್ನಿ. ಮೇಲುಗಡೆ ಉತ್ತರ, ಕೆಳಗೆ ದಕ್ಷಿಣ. ಬಲಕ್ಕೆ ಪೂರ್ವ, ಎಡಕ್ಕೆ ಪಶ್ಚಿಮ. ಗಣಿಗೆ ಸೊನ್ನೆ ಹಾಕಿ. ಕಾರ್ಖಾನೆಗೆ ಚೌಕ ಹಾಕಿ. ಮುಚ್ಚಿದ ಗಣಿಯ ಸೊನ್ನೆ ಮೇಲೆ ಅಡ್ಡಗೆರೆ ಎಳೆಯಿರಿ.

ಮೊದಲ ಚುಕ್ಕೆ ನಮ್ಮ ಬಾಳ್ಳುಪೇಟೆ. ಎಡಕ್ಕೆ, ಸಮುದ್ರದ ದಡದಲ್ಲಿ, ಮಂಗಳೂರು. ಎರಡರ ನಡುವೆ, ಸ್ವಲ್ಪ ಮೇಲಕ್ಕೆ, ಕುದುರೆಮುಖ. ಅಲ್ಲಿ ಕಬ್ಬಿಣದ ಅದಿರಿನ ಗಣಿ ಇತ್ತು. ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದರು. ಭದ್ರಾ ನದಿ ಹುಟ್ಟುವುದು ಆ ಬೆಟ್ಟಗಳಲ್ಲೇ. ಕಾಡು ಮತ್ತು ನದಿ ಹಾಳಾಗುತ್ತದೆ ಎಂದು ಜನ ಹೋರಾಡಿದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಕಾಡಿಗೆ ಉಸಿರು ಬಂತು. ಆದರೆ ಗಣಿ ನಂಬಿದ್ದ ಸಂಸಾರಗಳು ಊರು ಬಿಡಬೇಕಾಯಿತು.

ಈಗ ಬಾಳ್ಳುಪೇಟೆಯ ಬಲಕ್ಕೆ ಹೋಗೋಣ, ರಾಜ್ಯದ ಅಂಚಿನವರೆಗೆ. ಅಲ್ಲಿ ಕೋಲಾರದ ಚಿನ್ನದ ಗಣಿ. ಅದು 3 ಕಿಲೋಮೀಟರಿಗಿಂತಲೂ ಆಳ. 2001ರಲ್ಲಿ ಅದನ್ನು ಮುಚ್ಚಿದರು. ಚಿನ್ನ ಹೋಯಿತು, ಕೂಲಿಯೂ ಹೋಯಿತು. ಚಿನ್ನ ತೆಗೆದ ಮಣ್ಣಿನ ಗುಡ್ಡಗಳು ಉಳಿದವು. ಗಾಳಿ ಬೀಸಿದರೆ ಅದರ ಧೂಳು ಮನೆಯೊಳಗೆ ಬರುತ್ತದೆ.

ಈಗ ಮೇಲಕ್ಕೆ, ಉತ್ತರಕ್ಕೆ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಕಬ್ಬಿಣದ ಗಣಿಗಳಿವೆ. ಹತ್ತಿರದ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇದೆ. ಇನ್ನೂ ಮೇಲೆ, ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಒಂದು ಟನ್ ಎಂದರೆ 50 ಕಿಲೋದ 20 ಮೂಟೆ. ಅಷ್ಟು ಕಲ್ಲು ಅರೆದರೆ ಸಿಗುವ ಚಿನ್ನ ಕೆಲವೇ ಗ್ರಾಂ!

ಈಗ ಗಣಿಯಿಂದ ಬಂದರಿಗೆ ಗೆರೆ ಎಳೆಯಿರಿ. ಗೆರೆ ಎಲ್ಲಿ ಹಾಯುತ್ತದೆ ನೋಡಿ. ಒಂದು ಕಾಲಕ್ಕೆ ಬಳ್ಳಾರಿ ಕಡೆಯ ಅದಿರು ಲಾರಿಗಳು ಸಕಲೇಶಪುರ, ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರಿಗೆ ಹೋಗುತ್ತಿದ್ದವು. ಅದಿರು ಹೊರದೇಶಕ್ಕೆ ಹೋಯಿತು. ಗುಂಡಿಬಿದ್ದ ರಸ್ತೆ ನಮಗೆ ಉಳಿಯಿತು. 2010ರಲ್ಲಿ ರಾಜ್ಯ ಸರ್ಕಾರ ಆ ರಫ್ತನ್ನು ತಡೆಯಿತು. ಗಣಿ ದೂರ ಇದ್ದರೂ ಅದರ ದಾರಿ ನಮ್ಮ ಮನೆ ಮುಂದೆ ಇರಬಹುದು!

ತಿಳಿದವರು ಒಂದು ಇಡೀ ಖಂಡಕ್ಕೂ ಇಂಥ ನಕ್ಷೆ ಮಾಡುತ್ತಾರೆ. ಆಫ್ರಿಕಾ ಖಂಡದಲ್ಲಿ ಕಾಂಗೊ ಎಂಬ ದೇಶವಿದೆ. ಮೊಬೈಲ್ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಅದಿರು ಜಗತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಿಗುವುದು ಅಲ್ಲೇ. ಅದನ್ನು ಶುದ್ಧ ಮಾಡುವ ಕಾರ್ಖಾನೆಗಳು ಹೆಚ್ಚಾಗಿ ಚೀನಾದಲ್ಲಿವೆ. ಸೊನ್ನೆ ಒಂದು ಕಡೆ, ಚೌಕ ಇನ್ನೊಂದು ಕಡೆ. ಹಣ ಹೆಚ್ಚಾಗಿ ಚೌಕದ ಕಡೆಗೆ ಹೋಗುತ್ತದೆ. ಗುಂಡಿ ಸೊನ್ನೆಯ ಕಡೆ ಉಳಿಯುತ್ತದೆ.

ಗುಂಡಿ ಉಳಿದವರಿಗೂ ಪಾಲು ಬೇಕು ಅಲ್ವಾ? 2015ರಿಂದ ಅದಕ್ಕೆ ಕಾನೂನಿದೆ. ಗಣಿ ನಡೆಸುವವರು ಜಿಲ್ಲೆಯ ಖನಿಜ ನಿಧಿಗೆ ಹಣ ಕಟ್ಟಬೇಕು. ಆ ಹಣ ಗಣಿಯಿಂದ ತೊಂದರೆಯಾದ ಜನರಿಗೆ, ಊರಿಗೆ ಬಳಕೆಯಾಗಬೇಕು. ಆದರೆ ಕೇಳುವವರು ಬೇಕು. ನಮ್ಮ ಗುಡ್ಡಕ್ಕೆ ಕಲ್ಲಿನ ಕ್ವಾರಿ ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿ: "ನಕ್ಷೆ ತೋರಿಸಿ. ಗುಂಡಿ ಎಲ್ಲಿ? ಕ್ರಷರ್ ಎಲ್ಲಿ? ಲಾರಿ ದಾರಿ ಯಾವುದು? ನಮ್ಮ ಬಾವಿ ಎಷ್ಟು ದೂರ?"

ಅಭ್ಯಾಸ

1. ಓದಿ, ಬರೆಯಿರಿ: ಗಣಿ, ಅದಿರು, ನಕ್ಷೆ, ಕಾರ್ಖಾನೆ, ನಿಧಿ.
2. ಬಿಟ್ಟ ಜಾಗ ತುಂಬಿ: ಕುದುರೆಮುಖದ ಗಣಿ ______ರಲ್ಲಿ ನಿಂತಿತು.
3. ನಿಮ್ಮೂರಿನ ಕೆರೆ, ಬಾವಿ, ಶಾಲೆ, ಕಲ್ಲಿನ ಕ್ವಾರಿ ಇವನ್ನು ನಕ್ಷೆಯಲ್ಲಿ ಬರೆಯಿರಿ. ಯಾವುದು ಯಾವುದಕ್ಕೆ ಹತ್ತಿರ? ಎಲ್ಲರೂ ಕೂತು ಮಾತಾಡಿ.