ಹೊಸ ಛಾಯಾಗ್ರಾಹಕನಿಗೆ ತಕ್ಕ ಕ್ಯಾಮೆರಾ

ಛಾಯಾಗ್ರಹಣವನ್ನು ಶ್ರದ್ಧೆಯಿಂದ ಕಲಿಯಬಯಸುವ ತರುಣ ತರುಣಿಯರ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಕ್ಯಾಮೆರಾದ ಆಯ್ಕೆಯದು. ಚಂದಾಪುರದಂತಹ ಊರಿನಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳಲ್ಲಿ ದುಡಿಯುವ ಕುಟುಂಬವೊಂದಕ್ಕೆ ಕ್ಯಾಮೆರಾ ಎಂದರೆ ಹಲವು ತಿಂಗಳ ಉಳಿತಾಯ. ಆ ಹಣ ತಕ್ಕುದಲ್ಲದ ವಸ್ತುವಿಗೆ ಸಂದರೆ ಕ್ಯಾಮೆರಾ ಬೀರುವನ್ನು ಸೇರುತ್ತದೆ. ಕಲಿಕೆಯೂ ಅಲ್ಲಿಗೇ ನಿಲ್ಲುತ್ತದೆ. ಆದುದರಿಂದ ಬೆಲೆಯನ್ನು ವಿಚಾರಿಸುವ ಮುನ್ನ ಗುಣವನ್ನು ಅರಿಯುವುದು ಲೇಸು.

1975ರಲ್ಲಿ ಕೊಡಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ರೂಪಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಚಿತ್ರವನ್ನು ಕೇವಲ ಹತ್ತು ಸಾವಿರ ಬಿಂದುಗಳಲ್ಲಿ ಗ್ರಹಿಸಿ, ಕ್ಯಾಸೆಟ್ ಸುರುಳಿಯ ಮೇಲೆ ದಾಖಲಿಸಲು 23 ಸೆಕೆಂಡುಗಳನ್ನು ತೆಗೆದುಕೊಳ್ಳುತ್ತಿತ್ತು. ಇಂದಿನ ಆರಂಭದರ್ಜೆಯ ಕ್ಯಾಮೆರಾಗಳಲ್ಲಿಯೂ ಸುಮಾರು 24 ಮೆಗಾಪಿಕ್ಸೆಲ್, ಎಂದರೆ ಎರಡು ಕೋಟಿ ನಲವತ್ತು ಲಕ್ಷ ಬಿಂದುಗಳಿರುತ್ತವೆ. ಅಂಗಡಿಯವರು ಮೊದಲು ಹೇಳುವುದೂ ಈ ಸಂಖ್ಯೆಯನ್ನೇ. ಆದರೆ 12 ಅಂಗುಲ ಉದ್ದ, 8 ಅಂಗುಲ ಅಗಲದ ಮುದ್ರಿತ ಚಿತ್ರಕ್ಕೆ, ಅಂಗುಲಕ್ಕೆ 300 ಬಿಂದುಗಳಂತೆ ಲೆಕ್ಕ ಹಾಕಿದರೂ, 86 ಲಕ್ಷ ಬಿಂದುಗಳು ಸಾಕು. ಅದಕ್ಕೂ ಮೀರಿದ ಸಂಖ್ಯೆಗಾಗಿ ಹೆಚ್ಚು ಹಣ ತೆರುವ ಅಗತ್ಯ ಹೊಸಬನಿಗಿಲ್ಲ.

ಗಮನಿಸಬೇಕಾದುದು ಬೆಳಕನ್ನು ಗ್ರಹಿಸುವ ಸಂವೇದಕದ, ಅಂದರೆ ಸೆನ್ಸರಿನ, ವಿಸ್ತಾರ. ಅನೇಕ ಜೇಬು ಕ್ಯಾಮೆರಾಗಳ ಸೆನ್ಸರ್ ಸುಮಾರು 28 ಚದರ ಮಿಲಿಮೀಟರಿನಷ್ಟು ಮಾತ್ರ. ಮಸೂರ ಬದಲಿಸಬಹುದಾದ ಸಾಮಾನ್ಯ ಕ್ಯಾನನ್ ಕ್ಯಾಮೆರಾದಲ್ಲಿ ಅದು 22.3 ಮಿ.ಮೀ. ಉದ್ದ, 14.9 ಮಿ.ಮೀ. ಅಗಲ, ಎಂದರೆ ಸುಮಾರು ಹನ್ನೆರಡು ಪಟ್ಟು. ದೊಡ್ಡ ಪಾತ್ರೆಯಲ್ಲಿ ಹೆಚ್ಚು ಮಳೆನೀರು ನಿಲ್ಲುವಂತೆ ದೊಡ್ಡ ಸೆನ್ಸರಿನಲ್ಲಿ ಹೆಚ್ಚು ಬೆಳಕು ಸಂಗ್ರಹವಾಗುತ್ತದೆ. ಮಬ್ಬುಬೆಳಕಿನಲ್ಲಿಯೂ ಚಿತ್ರ ಮರಳುಮರಳಾಗುವುದಿಲ್ಲ. ಇದರೊಡನೆ ಅಪರ್ಚರ್, ಷಟರ್ ವೇಗ, ಐ.ಎಸ್.ಒ. ಈ ಮೂರನ್ನೂ ಕೈಯಾರೆ ನಿಯಂತ್ರಿಸುವ ಅನುಕೂಲವಿರಬೇಕು. ಈ ಮೂರರ ಸಂಬಂಧವನ್ನು ಅರಿಯುವುದೇ ಛಾಯಾಗ್ರಹಣದ ಅಕ್ಷರಾಭ್ಯಾಸ.

ಕ್ಯಾಮೆರಾದಷ್ಟೇ ಮುಖ್ಯವಾದುದು ಮಸೂರ. ಕ್ಯಾಮೆರಾದೊಡನೆ ಬರುವ 18-55 ಮಿ.ಮೀ. ಮಸೂರದ ದ್ವಾರ ಅದರ ದೂರದ ತುದಿಯಲ್ಲಿ ಎಫ್ 5.6ರಷ್ಟೇ ತೆರೆಯುತ್ತದೆ. 50 ಮಿ.ಮೀ. ಎಫ್ 1.8 ಮಸೂರವಾದರೋ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಶಾಲಾ ವಾರ್ಷಿಕೋತ್ಸವದ ವೇದಿಕೆಯಲ್ಲಿ ನರ್ತಿಸುವ ಬಾಲಕಿಯನ್ನು ಮೊದಲನೆಯದು ಸೆಕೆಂಡಿನ 1/15 ಭಾಗದಲ್ಲಿ ಗ್ರಹಿಸಬೇಕಾದರೆ ಎರಡನೆಯದಕ್ಕೆ 1/125 ಭಾಗ ಸಾಕು. ಅಲ್ಲಿ ಕದಡಿದ ಕೈಕಾಲು, ಇಲ್ಲಿ ಸ್ಫುಟವಾದ ಮುಖ.

ಯಾವ ಮಸೂರವೆಂಬುದನ್ನು ಚಿತ್ರದ ವಿಷಯವೇ ನಿರ್ಧರಿಸುತ್ತದೆ. ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಣ ಹಳ್ಳಿಗಳಿಂದ ಎಳೆದು ತರುವ ಗಗನಚುಂಬಿ ತೇರುಗಳನ್ನು ಜನಸಂದಣಿಯ ನಡುವೆ ನಿಂತು ಪೂರ್ತಿಯಾಗಿ ಹಿಡಿಯಲು 18 ಮಿ.ಮೀ. ನೋಟ ಬೇಕು. ಮುತ್ತಾನಲ್ಲೂರು ಕೆರೆಯ ಹಕ್ಕಿಗಳಿಗೆ 250 ಅಥವಾ 300 ಮಿ.ಮೀ. ಮಸೂರ ಬೇಕು, ಅದರೊಡನೆ ತಾಳ್ಮೆಯೂ ಬೇಕು. ಟಿ.ಎನ್.ಎ. ಪೆರುಮಾಳ್ (1932-2017), ಪೂರ್ಣಚಂದ್ರ ತೇಜಸ್ವಿ (1938-2007) ಮೊದಲಾದವರು ಫಿಲ್ಮಿನ ಕಾಲದಲ್ಲಿ ಹಕ್ಕಿಗಳಿಗಾಗಿ ಕಾದು ಕುಳಿತವರು. ಸುರುಳಿಯೊಂದಕ್ಕೆ 36 ಚಿತ್ರಗಳಷ್ಟೇ ದೊರೆಯುತ್ತಿದ್ದುದರಿಂದ ಪ್ರತಿಯೊಂದನ್ನೂ ಯೋಚಿಸಿಯೇ ತೆಗೆಯಬೇಕಾಗಿತ್ತು. ಆ ಶಿಸ್ತನ್ನು ಯಾವ ಅಂಗಡಿಯೂ ಮಾರದು.

ಅಲ್ಪ ಹಣವುಳ್ಳವರಿಗೆ ಬಳಸಿದ ಕ್ಯಾಮೆರಾ ಉತ್ತಮ ಮಾರ್ಗ. ತಯಾರಕರು ಕನ್ನಡಿಯಿಲ್ಲದ ಮಿರರ್‌ಲೆಸ್ ಮಾದರಿಗಳತ್ತ ತಿರುಗಿರುವುದರಿಂದ, 2018ರಲ್ಲಿ ಬಂದ ನಿಕಾನ್ ಡಿ3500, ಕ್ಯಾನನ್ 1500ಡಿ ಮೊದಲಾದ ಡಿ.ಎಸ್.ಎಲ್.ಆರ್. ಕ್ಯಾಮೆರಾಗಳು ಬಳಸಿದ ಸ್ಥಿತಿಯಲ್ಲಿ ದೊರೆಯುತ್ತವೆ. ಕಲಿಕೆಗೆ ಅವುಗಳಲ್ಲಿ ಕೊರತೆಯೇನಿಲ್ಲ. ಕೊಳ್ಳುವಾಗ ಮೂರು ಪರೀಕ್ಷೆಗಳನ್ನು ಮಾಡಬೇಕು. ಷಟರ್ ಎಷ್ಟು ಬಾರಿ ತೆರೆದಿದೆಯೆಂದು ಕೇಳಿ ತಿಳಿಯುವುದು ಮೊದಲನೆಯದು. ಮಸೂರದ ಮೂಲಕ ದೀಪವನ್ನು ನೋಡಿ, ಒಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬಿಲ್ಲವೆಂದು ಖಚಿತಪಡಿಸಿಕೊಳ್ಳುವುದು ಎರಡನೆಯದು. ಎಫ್ 16ರಲ್ಲಿ ಬರಿಯ ಆಕಾಶದ ಚಿತ್ರ ತೆಗೆದು, ಸೆನ್ಸರಿನ ಮೇಲಣ ಕಲೆಗಳನ್ನು ಹುಡುಕುವುದು ಮೂರನೆಯದು. ಡಿ3500ರ ಒಡಲಿನಲ್ಲಿ ಫೋಕಸ್ ಮಾಡುವ ಮೋಟಾರ್ ಇಲ್ಲ. ಆದುದರಿಂದ ಮೋಟಾರಿಲ್ಲದ ಹಳೆಯ ನಿಕಾನ್ ಮಸೂರ ಅಗ್ಗವೆಂದು ಕೊಂಡರೆ ಪ್ರತಿ ಬಾರಿಯೂ ಕೈಯಿಂದಲೇ ಫೋಕಸ್ ಮಾಡಬೇಕಾಗುತ್ತದೆ.

ಒಟ್ಟು ಹಣವನ್ನು ಹತ್ತು ಭಾಗ ಮಾಡಿ, ಆರನ್ನು ಕ್ಯಾಮೆರಾ ಹಾಗೂ ಮೊದಲ ಮಸೂರಕ್ಕೂ, ಮೂರನ್ನು ಎರಡನೆಯ ಮಸೂರಕ್ಕೂ, ಉಳಿದೊಂದನ್ನು ಮೆಮೊರಿ ಕಾರ್ಡು, ಹೆಚ್ಚುವರಿ ಬ್ಯಾಟರಿ, ಚೀಲಗಳಿಗೂ ಮೀಸಲಿಡುವುದು ವಿವೇಕ. ಎಲ್ಲವನ್ನೂ ಕ್ಯಾಮೆರಾದ ಒಡಲಿಗೇ ಸುರಿದವನು ಮಸೂರವಿಲ್ಲದೆ ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ.

ಸ್ವಂತ ಕ್ಯಾಮೆರಾ ಕೊಳ್ಳಲಾರದ ಮಕ್ಕಳಿಗಾಗಿ ಶಾಲೆಯೊಂದು ಒಂದು ಕ್ಯಾಮೆರಾವನ್ನೂ ಎರಡು ಮಸೂರಗಳನ್ನೂ ಇಟ್ಟುಕೊಂಡರೆ, ಸರದಿಯಂತೆ ಒಂದು ತರಗತಿಯೇ ಕಲಿಯಬಹುದು. ಆನೇಕಲ್ ತಾಲ್ಲೂಕಿನ ಹೊಲ, ತೋಪು, ಕೆರೆಯಂಗಳಗಳ ರೂಪ ಕಣ್ಣೆದುರಿಗೇ ಬದಲಾಗುತ್ತಿದೆ. ದಿನಾಂಕ, ಸ್ಥಳಗಳನ್ನು ಬರೆದಿಟ್ಟು ವರ್ಷವರ್ಷವೂ ಅದೇ ಕೆರೆಯ ಏರಿಯಿಂದ ತೆಗೆದ ಚಿತ್ರಗಳು ಮುಂದಿನ ವಿದ್ಯಾರ್ಥಿಗಳಿಗೆ ಊರಿನ ಚರಿತ್ರೆಯೇ ಆಗಬಲ್ಲವು. ಅದಕ್ಕೆ ಬೇಕಾದುದು ದುಬಾರಿ ಯಂತ್ರವಲ್ಲ. ದಿನವೂ ಕೈಗೆ ಬರುವ ಯಂತ್ರ.